ಕೆರೆನೀರಿನ ಪ್ರಾಣಿಪ್ಲವಕಗಳು ಮತ್ತು ಭಾರಲೋಹಗಳು

ಕೆರೆಯ ಅಥವಾ ಕೃಷಿಹೊಂಡದ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕುಪ್ಪಳಿಸುವುದು ಕಾಣುತ್ತದೆ. ಇವೇ ಪ್ರಾಣಿಪ್ಲವಕಗಳು. ಡಾಫ್ನಿಯಾ ಮತ್ತು ಮೊಯಿನಾ ಎಂಬ ನೀರುಚಿಗಟಗಳು, ಸೈಕ್ಲಾಪ್ಸ್ ಹಾಗೂ ಬರಿಗಣ್ಣಿಗೆ ಸುಲಭವಾಗಿ ಕಾಣದ ರೋಟಿಫರ್‌ಗಳು ಇವುಗಳಲ್ಲಿ ಮುಖ್ಯವಾದವು. ಕಟ್ಲಾ, ರೋಹು, ಮೃಗಾಲ್ ಮರಿಗಳಿಗೆ ಇವೇ ಮೊದಲ ಆಹಾರ. ಕಟ್ಲಾ ಮೀನು ದೊಡ್ಡದಾದ ಮೇಲೂ ಇವುಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ನೀರುಚಿಗಟಗಳು ಪಾಚಿಯನ್ನು ಸೋಸಿ ತಿಂದು ನೀರು ಹಸಿರುಗಟ್ಟುವುದನ್ನೂ ತಡೆಯುತ್ತವೆ.

ಲೋಹಗಳಿಂದಾಗುವ ಹಾನಿ

ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಪಾದರಸ ಮೊದಲಾದವು ಭಾರಲೋಹಗಳು. ಕಾರ್ಖಾನೆಗಳ ತ್ಯಾಜ್ಯ ಮತ್ತು ನಗರದ ಕೊಳಚೆ ನೀರಿನೊಡನೆ ಇವು ಕೆರೆ ಸೇರುತ್ತವೆ. ಸಾವಯವ ಕಸದಂತೆ ಇವು ಕೊಳೆತು ಇಲ್ಲವಾಗುವುದಿಲ್ಲ, ಕೆಸರಿನಲ್ಲಿ ಶೇಖರವಾಗುತ್ತವೆ.

ತಾಮ್ರವು ನೀರುಚಿಗಟದ ದೇಹಕ್ಕೆ ಬೇಕಾದ ಸೋಡಿಯಂ ಸೇರುವುದನ್ನು ತಡೆಯುತ್ತದೆ. ಕ್ಯಾಡ್ಮಿಯಂ ಸುಣ್ಣಾಂಶದ ದಾರಿಯಲ್ಲೇ ಒಳಹೊಕ್ಕು ಅದರ ಹೀರಿಕೆಗೆ ಅಡ್ಡಿಯಾಗುತ್ತದೆ. ಪ್ರಾಣಿ ಸಾಯುವಷ್ಟು ಲೋಹ ಇಲ್ಲದಿದ್ದರೂ ಬೆಳವಣಿಗೆ ಕುಂಠಿತಗೊಂಡು ಮರಿಗಳ ಸಂಖ್ಯೆ ಇಳಿಯುತ್ತದೆ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಡಾಫ್ನಿಯಾವನ್ನು 48 ಗಂಟೆ ಪರೀಕ್ಷಿಸುವುದಲ್ಲದೆ, ಸಂತಾನೋತ್ಪತ್ತಿಯನ್ನು ತಿಳಿಯಲು 21 ದಿನಗಳ ಪರೀಕ್ಷೆಯನ್ನೂ ನಡೆಸುತ್ತಾರೆ.

ತೋಟದಿಂದ ಬರುವ ತಾಮ್ರ

ಎಲ್ಲ ಲೋಹವೂ ಪಟ್ಟಣದಿಂದಲೇ ಬರುವುದಿಲ್ಲ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುಂಚೆ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುವುದು ರೂಢಿ. ಬೆಳೆ ಉಳಿಸಲು ಇದು ಅವಶ್ಯಕ. ಆದರೆ ಉಳಿದ ದ್ರಾವಣವನ್ನು ಹಳ್ಳಕ್ಕೆ ಸುರಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು.

100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ ಬೇಕು. ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರ. ಅಂದರೆ 1 ಲೀಟರ್ ದ್ರಾವಣದಲ್ಲಿ 2.5 ಗ್ರಾಂ ತಾಮ್ರವಿರುತ್ತದೆ. ಸುಣ್ಣಾಂಶ ಕಡಿಮೆಯಿರುವ ಮೆದು ನೀರಿನಲ್ಲಿ, ಲೀಟರಿಗೆ 50 ಮೈಕ್ರೋಗ್ರಾಂ, ಅಂದರೆ 20,000 ಲೀಟರಿಗೆ 1 ಗ್ರಾಂ ಕರಗಿದ ತಾಮ್ರವೂ ಡಾಫ್ನಿಯಾಗಳಿಗೆ ಮಾರಕವಾಗಬಲ್ಲದು. ಈ ಲೆಕ್ಕದಲ್ಲಿ 1 ಲೀಟರ್ ದ್ರಾವಣದ ತಾಮ್ರವೆಲ್ಲ ಕರಗಿದರೆ 50,000 ಲೀಟರ್ ನೀರನ್ನು ಕೆಡಿಸಲು ಸಾಕು. ದ್ರಾವಣದಲ್ಲಿ ಸುಣ್ಣ ಬೆರೆತಿರುವುದರಿಂದ ತಾಮ್ರವು ಒಮ್ಮೆಲೇ ಕರಗದೆ ಬಹುಪಾಲು ಕೆಸರಿಗೆ ಇಳಿಯುತ್ತದೆ, ನಿಜ. ಆದರೆ ವರ್ಷ ವರ್ಷವೂ ಅಲ್ಲಿ ಶೇಖರವಾಗುತ್ತದೆ. ಮಲೆನಾಡಿನ ನೀರು ಸಾಮಾನ್ಯವಾಗಿ ಮೆದುವಾದ್ದರಿಂದ, ಬಯಲುಸೀಮೆಯ ಗಡುಸು ನೀರಿಗಿಂತ ಇಲ್ಲಿ ಅಪಾಯ ಹೆಚ್ಚು.

ರೈತರು ಅನುಸರಿಸಬೇಕಾದ ಕ್ರಮಗಳು

1. ಅಂದಿನ ಕೆಲಸಕ್ಕೆ ಬೇಕಾದಷ್ಟೇ ದ್ರಾವಣ ತಯಾರಿಸಿ. ಬೋರ್ಡೋ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳುವಂತಿಲ್ಲ.

2. ದ್ರಾವಣ ಬೆರೆಸುವ ಜಾಗ ಹಳ್ಳ, ಕೆರೆ, ಬಾವಿಗಳಿಂದ ದೂರವಿರಲಿ.

3. ಪಂಪು, ಪೀಪಾಯಿ ತೊಳೆದ ನೀರನ್ನು ಬಸಿಗಾಲುವೆಗೆ ಬಿಡದೆ, ಸಿಂಪಡಿಸಿದ ಮರಗಳಿಗೇ ಸಿಂಪಡಿಸಿ ಮುಗಿಸಿ.

4. ಪಾಚಿ ಹೋಗಲೆಂದು ಮೀನುಮರಿ ಹೊಂಡಕ್ಕೆ ಮೈಲುತುತ್ತ ಹಾಕಬೇಡಿ. ಪಾಚಿಯೊಡನೆ ಮರಿಗಳ ಆಹಾರವೂ ನಾಶವಾಗುತ್ತದೆ.

5. ಕೊಳಚೆ ನೀರು ಸೇರುವ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ಮುನ್ನ ಭಾರಲೋಹಗಳಿಗಾಗಿ ಪರೀಕ್ಷೆ ಮಾಡಿಸಿ.

6. ಮರಿ ಬಿಡುವ ಮುನ್ನ ಹೊಂಡದ ನಾಲ್ಕಾರು ಕಡೆ ಲೋಟದಲ್ಲಿ ನೀರು ಹಿಡಿದು ನೋಡಿ. ಸಗಣಿ ಗೊಬ್ಬರ ಹಾಕಿದ ಮೇಲೂ ಚುಕ್ಕೆಗಳು ಕಾಣದಿದ್ದರೆ ಮರಿ ಬಿಡಬೇಡಿ. ಇದಕ್ಕೆ ಕೀಟನಾಶಕ ಮೊದಲಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ನೀರಿನ ಪರೀಕ್ಷೆ ಮಾಡಿಸಿ.

ಮೀನು ಸತ್ತು ತೇಲುವವರೆಗೆ ಕಾಯುವುದು ಸರಿಯಲ್ಲ. ಅನೇಕ ವೇಳೆ ಅದಕ್ಕೂ ಮೊದಲೇ ನೀರುಚಿಗಟಗಳು ಕಾಣೆಯಾಗಿರುತ್ತವೆ. ಅವುಗಳ ಮೇಲೆ ಕಣ್ಣಿಟ್ಟಿರುವ ರೈತರಿಗೆ ಎಚ್ಚರಿಕೆ ಮೊದಲೇ ದೊರೆಯುತ್ತದೆ.