ಬೆಳಗಿನ ಬೆರಳ ಬಿಗಿತ

ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಳ್ಳುವಾಗ ಬೆರಳುಗಳು ಬಿಗಿದು ಸಲೀಸಾಗಿ ಮಡಚದಿರುವುದು, ವಿಭೂತಿ ಧರಿಸಲು ಮೂರು ಬೆರಳುಗಳನ್ನು ಕೂಡಿಸುವಾಗ ಗಿಣ್ಣುಗಳು ನೋಯುವುದು, ಸಡಿಲವಾಗಿದ್ದ ಉಂಗುರ ಜಾರದಿರುವುದು, ಇವನ್ನೆಲ್ಲ ವಾಯುವೆಂದೋ ವಯಸ್ಸೆಂದೋ ತಳ್ಳಿಹಾಕುವ ರೂಢಿ ನಮ್ಮ ಮನೆಗಳಲ್ಲಿದೆ. ಆದರೆ ರುಮಟಾಯ್ಡ್ ಸಂಧಿವಾತವು ತನ್ನ ಬರವನ್ನು ಅನೇಕ ವೇಳೆ ಹೀಗೆಯೇ ಸೂಚಿಸುತ್ತದೆ.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯನ್ನು ಪರಕೀಯವೆಂಬಂತೆ ಆಕ್ರಮಿಸುವುದು ಈ ರೋಗದ ಮೂಲ. ಊದಿಕೊಂಡ ಪೊರೆಯು ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು 2ರಿಂದ 3 ಪಟ್ಟು ಹೆಚ್ಚು. ಮುಪ್ಪಿಗಾಗಿ ಕಾಯುವ ರೋಗವೂ ಇದಲ್ಲ. ಮೂವತ್ತರ ಆಸುಪಾಸಿನಲ್ಲಿಯೇ ತಲೆದೋರಬಹುದು.

ಮುಪ್ಪಿನ ಕೀಲುಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ದುಡಿದಂತೆ ನೋವು ಏರುತ್ತದೆ. ಇಲ್ಲಿ ಅದಕ್ಕೆ ವಿಪರೀತ: ಬಿಗಿತವು ಗಂಟೆಗೂ ಮೀರಿ ಉಳಿದು, ಕೈಯಾಡಿಸಿದಂತೆ ಸಡಿಲಗೊಳ್ಳುತ್ತದೆ. ಮೋಸವಿರುವುದೇ ಇದರಲ್ಲಿ. ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಕೈ ಹಗುರಾಗಿರುವುದರಿಂದ ಹೇಳಿಕೊಂಡವಳ ಮಾತನ್ನು ಮನೆಯವರು ನಂಬುವುದಿಲ್ಲ; ಕೆಲವೊಮ್ಮೆ ಅವಳೇ ನಂಬುವುದಿಲ್ಲ. ಬೆರಳಿನ ಬುಡದ ಹಾಗೂ ನಡುವಿನ ಗಿಣ್ಣುಗಳು, ಮಣಿಕಟ್ಟು, ಕಾಲ್ಬೆರಳ ಬುಡ ಬಹುತೇಕ ಎರಡೂ ಬದಿಗಳಲ್ಲಿ ಊದುತ್ತವೆ. ಉಗುರಿನ ಸಮೀಪದ ಗಿಣ್ಣು ಸಾಮಾನ್ಯವಾಗಿ ಪಾರಾಗುತ್ತದೆ. ಜೊತೆಗೆ ತೀರದ ಆಯಾಸ, ಸಣ್ಣ ಜ್ವರ, ತೂಕ ಇಳಿಯುವಿಕೆ ಇರಬಹುದು.

ಚಿಕುನ್‌ಗುನ್ಯಾ ಬಂದುಹೋದ ಊರುಗಳಲ್ಲಿ ಕೀಲುನೋವೆಲ್ಲವೂ ಅದರ ಶೇಷವೆಂದು ಭಾವಿಸುವುದುಂಟು. ಆ ನೋವೂ ತಿಂಗಳುಗಟ್ಟಲೆ ಉಳಿಯಬಲ್ಲುದಾದುದರಿಂದ ವೈದ್ಯರೇ ನಿರ್ಣಯಿಸಬೇಕು. ಊತ ಕೆಲವು ವಾರ ನಿಂತಿತೆಂದರೆ ಕೀಲುರೋಗ ತಜ್ಞರನ್ನು ಕಾಣತಕ್ಕದ್ದು. ಮೊದಲ 3 ತಿಂಗಳೊಳಗೆ ಚಿಕಿತ್ಸೆ ಆರಂಭವಾದರೆ ಕೀಲುಗಳು ಉಳಿಯುವ ಸಂಭವ ಹೆಚ್ಚು. ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿತೆಂದು ನಿಶ್ಚಿಂತರಾಗುವಂತಿಲ್ಲ. ಆರಂಭದಲ್ಲಿ ಎಕ್ಸ್‌ರೇ ಕೂಡ ನಿರ್ದೋಷವಾಗಿ ಕಾಣಬಹುದು.

ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆಯೇ ಹೊರತು ಸವೆತವನ್ನು ತಡೆಯದು. ಒಂದೇ ದಿನದಲ್ಲಿ ಗುಣ ತೋರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆಯಿರಲಿ. ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ಮರೆತು ದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರಿಗೂ ಗರ್ಭಧಾರಣೆಯನ್ನು ಬಯಸುವವರಿಗೂ ಅದು ವರ್ಜ್ಯ.

ವೈದ್ಯರ ಸರದಿ ಬರುವಾಗ ಕೈ ಸರಿಯಾಗಿಯೇ ಕಾಣುವುದುಂಟು. ಆದುದರಿಂದ ಎದ್ದೊಡನೆ ಊದಿದ ಬೆರಳುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಬಿಗಿತ ಬಿಟ್ಟ ವೇಳೆಯನ್ನು ಒಂದು ವಾರ ಬರೆದಿಟ್ಟುಕೊಂಡು ಅವರಿಗೆ ತೋರಿಸುವುದು ಒಳಿತು.