‘ಪ್ರಾರ್ಥನೆ ಮಾಡ್ತೀನಿ’ ಅಂದ ಮೇಲೆ: ಎಂಟು ಸೂತ್ರಗಳು

ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ ಹಾದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ಹಾದು ಚಿಕ್ಕಜಾಜೂರಿನ ಕಡೆಗೆ. ಒಂದು ಸಂಜೆ ಶಿವಮೊಗ್ಗದ ರೈಲಿನಿಂದ ನಮ್ಮ ಸಭೆಯ ತಾಯಿಯೊಬ್ಬರು ಅಲ್ಲಿ ಇಳಿದರು. ಮಗನ ಆಪರೇಷನ್ ಮುಗಿದಿತ್ತು. ಕೈಯಲ್ಲಿ ಎಕ್ಸ್‌ರೇ ಕವರು, ನಾಲ್ಕು ರಾತ್ರಿ ನಿದ್ದೆಗೆಟ್ಟ ಕಣ್ಣು. “ನೀವು ಪ್ರಾರ್ಥನೆ ಮಾಡ್ತಿದೀರ ಅಂತ ಧೈರ್ಯವಾಗಿದ್ದೆ ಅಣ್ಣಾ” ಅಂದರು.

ನಾನು ಒಂದು ಸಲವೂ ಮಾಡಿರಲಿಲ್ಲ. ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಬಾಯಿಗೆ ಬಂದಿದ್ದ ಮಾತು, ಗೇಟು ದಾಟುವಷ್ಟರಲ್ಲಿ ಮರೆತುಹೋಗಿತ್ತು. ಅವರೆದುರೇ ತಪ್ಪೊಪ್ಪಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಈಗ ಮಾಡಿ” ಅಂದರು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಮಾಡಿದೆ. ಅಂದಿನಿಂದ ಕಲಿತದ್ದನ್ನು ಕಡೂರು, ತರೀಕೆರೆ, ಅಜ್ಜಂಪುರದ ಸಭೆಗಳ ಗೆಳೆಯರಿಗಾಗಿ ಬರೆದಿದ್ದೇನೆ.

1. ಮಾತು ಕೊಟ್ಟರೆ ಸಾಲ ಎಂದು ಬರೆದಿಡಿ. ಮತ್ತಾಯ 21ರಲ್ಲಿ ಯೇಸು ಇಬ್ಬರು ಮಕ್ಕಳ ಕಥೆ ಹೇಳುತ್ತಾನೆ. ದ್ರಾಕ್ಷಿತೋಟಕ್ಕೆ ಹೋಗು ಎಂದರೆ ಒಬ್ಬ ಆಗೋದಿಲ್ಲ ಅಂದು, ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ ಆಗಲಿ ಅಂದ, ಹೋಗಲಿಲ್ಲ. ನಾನು ಆ ಎರಡನೆಯವನು. ಈಗ ಯಾರಾದರೂ ಕೇಳಿಕೊಂಡರೆ ಆದಷ್ಟೂ ಅಲ್ಲೇ ನಿಂತು ಮಾಡುತ್ತೇನೆ. ಅರ್ಧ ನಿಮಿಷ ಸಾಕು. ಆಗದಿದ್ದರೆ ನೋಟ್‌ಬುಕ್ಕಿಗೆ ಹೆಸರು ಇಳಿಯುತ್ತದೆ. ಕಡೂರಿಗೊಂದು ಭಾಗ, ತರೀಕೆರೆಗೊಂದು, ಅಜ್ಜಂಪುರಕ್ಕೊಂದು.

2. ಹೆಸರು ಹಿಡಿದು ಕೇಳಿ. ‘ಕರ್ತನೇ, ಎಲ್ಲರನ್ನೂ ಆಶೀರ್ವದಿಸು’ ಎನ್ನುವುದು ಸುಲಭ. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ಸೊದೋಮಿಗಾಗಿ ಅಬ್ರಹಾಮ ಸಂತೆಯಲ್ಲಿ ಚೌಕಾಸಿ ಮಾಡುವವನ ಹಾಗೆ 50 ನೀತಿವಂತರಿಂದ ಶುರುಮಾಡಿ 45, 40, 30, 20, ಕೊನೆಗೆ 10ಕ್ಕೆ ಇಳಿದ. ಆರು ಸಲ ಕೇಳಿದ. ಪೇತ್ರನಿಗೆ ಎಡವುವ ಗಳಿಗೆ ಬರುವ ಮೊದಲೇ ಯೇಸು ಅವನ ನಂಬಿಕೆಗಾಗಿ ಬೇಡಿಕೊಂಡಿದ್ದ ಎಂದು ಲೂಕ 22 ಹೇಳುತ್ತದೆ. ಬಿದ್ದ ಮೇಲೆ ಪ್ರಾರ್ಥಿಸಲು ಎಲ್ಲರಿಗೂ ನೆನಪಾಗುತ್ತದೆ. ಪಿಯುಸಿಗೆಂದು ಊರು ಬಿಟ್ಟು ಹಾಸ್ಟೆಲ್ ಸೇರುವ ಹುಡುಗನಿಗಾಗಿ ಅವನು ಹೊರಡುವ ಮೊದಲೇ ಪ್ರಾರ್ಥಿಸಿ.

3. ಮೊದಲು ಒಪ್ಪಿಗೆ, ಆಮೇಲೆ ಪ್ರಾರ್ಥನೆ. ಪಕ್ಕದ ಮನೆಯವರು ಬೇರೆ ಧರ್ಮದವರಾದರೆ ‘ನಿಮಗೋಸ್ಕರ ಪ್ರಾರ್ಥಿಸಲಾ?’ ಎಂದು ಕೇಳಿ. ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳದೆ ಕಾಫಿ ಕುಡಿದು ಬನ್ನಿ. ಇನ್ನು ಪ್ರಾರ್ಥನೆಗೆಂದು ಹೇಳಿಕೊಂಡ ಕಷ್ಟ ಬಸ್‌ಸ್ಟ್ಯಾಂಡಿನ ಮಾತಾಗಬಾರದು. ನಮ್ಮ ಊರುಗಳು ಚಿಕ್ಕವು. ಒಬ್ಬರ ಮನೆಯ ಕಣ್ಣೀರು ‘ಪ್ರಾರ್ಥನಾ ವಿಷಯ’ದ ಹೆಸರಿನಲ್ಲಿ ಊರೆಲ್ಲ ಸುತ್ತುವುದನ್ನು ನೋಡಿದ್ದೇನೆ. ಅದು ಪಾಪ.

4. ಕುರಿಗಳ ಕೂಗು ಕೇಳಿಸಿಕೊಳ್ಳಿ. ಇದೊಂದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ ರಾತ್ರಿ ಆ ಸದ್ದು ಎಷ್ಟು ದೂರ ಕೇಳುತ್ತದೆ ಎಂದು ನಮ್ಮ ಬಯಲುಸೀಮೆಯವರಿಗೆ ಗೊತ್ತು. ಕದ ಹಾಕಿದರೂ ಕೇಳುತ್ತದೆ. 1 ಸಮುವೇಲ 15ರಲ್ಲಿ ಅರಸ ಸೌಲನಿಗೆ ಅಮಾಲೇಕ್ಯರ ಕೊಳ್ಳೆಯಲ್ಲಿ ಏನನ್ನೂ ಉಳಿಸಿಕೊಳ್ಳಬಾರದು ಎಂಬ ಅಪ್ಪಣೆಯಿತ್ತು. ಕೊಬ್ಬಿದ ಕುರಿ, ದನಗಳನ್ನು ಉಳಿಸಿಕೊಂಡ. ಆದರೂ ಪ್ರವಾದಿ ಸಮುವೇಲ ಎದುರಾದಾಗ, ದೇವರು ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದೆ ಅಂದ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಸದ್ದೇನು ಎಂದು ಸಮುವೇಲ ಕೇಳಿದ. ಅವು ದೇವರಿಗೇ ಬಲಿ ಕೊಡಲು ಎಂದು ಸೌಲ ಸಮಜಾಯಿಷಿ ಕೊಟ್ಟ. ಬಲಿಗಿಂತ ವಿಧೇಯತೆ ದೊಡ್ಡದು ಎಂದು ಸಮುವೇಲ ತೀರ್ಪು ಕೊಟ್ಟಿದ್ದು ಆಗಲೇ.

ನಮ್ಮಲ್ಲೂ ಆ ಸದ್ದಿದೆ. ಶುಕ್ರವಾರ ಉಪವಾಸ ಪ್ರಾರ್ಥನೆ ನಡೆಸುತ್ತೇವೆ. ತೋಟದ ಬದುವಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿರುತ್ತದೆ. ಕೆಲಸದವರಿಗಾಗಿ ಪ್ರಾರ್ಥಿಸುತ್ತೇವೆ, ಅವರ ವಾರದ ಬಟವಾಡೆ ಕೊಟ್ಟಿರುವುದಿಲ್ಲ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಎನ್ನುತ್ತದೆ ಮತ್ತಾಯ 5. ಮಂಡಿಯೂರುವ ಮೊದಲು ಆ ಫೋನ್ ಮಾಡಿ. ಆ ಕೂಲಿ ಕೊಟ್ಟು ಬನ್ನಿ.

5. ಕಾಲಿಗೂ ಕೆಲಸ ಕೊಡಿ. ಮಾರ್ಕ 2ರ ಆ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಬಾಗಿಲಲ್ಲಿ ಜನ ತುಂಬಿದ್ದಕ್ಕೆ ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು ಹೊತ್ತವರ ನಂಬಿಕೆಯನ್ನೂ ಸೇರಿಸಿ. ಒಬ್ಬರು ಆಸ್ಪತ್ರೆ ಸೇರಿದರು ಅಂದರೆ ಅವರ ಹಸುವಿನ ಹಾಲು ಕರೆಯುವವರು ಯಾರು, ರಾತ್ರಿ ಜೊತೆಗಿರುವವರು ಯಾರು ಎಂದು ವಿಚಾರಿಸಿ. ‘ಯಾರನ್ನಾದರೂ ಕಳುಹಿಸು ಕರ್ತನೇ’ ಎಂದು ಬೇಡುವಾಗ ನಿಮ್ಮ ಬೈಕಿನ ಕೀಲಿ ಜೇಬಿನಲ್ಲೇ ಇರುತ್ತದೆ. ಒಂದು ಮಾತು ಖಡಾಖಂಡಿತ: ಪ್ರಾರ್ಥನೆಯಾಯಿತು ಎಂದು ಯಾರ ಬಿಪಿ, ಶುಗರ್ ಮಾತ್ರೆಯನ್ನೂ ನಿಲ್ಲಿಸಬೇಡಿ, ನಿಲ್ಲಿಸಲು ಬಿಡಬೇಡಿ.

6. ಒಬ್ಬರೇ ಎತ್ತಿ ಹಿಡಿಯಬೇಡಿ. ಯುದ್ಧದ ದಿನ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈ ಸೋತು ಇಳಿದಾಗ ಆರೋನ, ಹೂರ ಒಂದು ಕಲ್ಲು ತಂದಿಟ್ಟು ಕೂರಿಸಿ, ಎರಡೂ ಕಡೆ ನಿಂತು ಕೈ ಹಿಡಿದರು. ಮೂರೂ ಊರಿನಿಂದ ಒಬ್ಬೊಬ್ಬರು, ರಾತ್ರಿ 9ಕ್ಕೆ ಹತ್ತು ನಿಮಿಷದ ಫೋನ್. ನಮಗೆ ಅದೇ ಕಲ್ಲು. ಪಾಸ್ಟರಿಗಾಗಿ ಪ್ರಾರ್ಥಿಸುವವರು ಯಾರು ಎಂದೂ ಒಮ್ಮೆ ಕೇಳಿಕೊಳ್ಳಿ.

7. ಊರಿಗಾಗಿ ಬೇಡಿ. ಬಾಬಿಲೋನಿಗೆ ಸೆರೆ ಹೋದವರಿಗೆ, ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಯೆರೆಮೀಯ ಪತ್ರ ಬರೆದ. ಅದು ಪರದೇಶ, ಇದು ನಮ್ಮದೇ ಮಣ್ಣು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ, ಅಧಿಕಾರದಲ್ಲಿರುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ ಜನರೆಲ್ಲ ಸೇರಿ ಬೇಡುವ ‘ವಿಶ್ವಾಸಿಗಳ ಪ್ರಾರ್ಥನೆ’ಯನ್ನು ಬಲಿಪೂಜೆಗೆ ಮರಳಿ ತಂದಿತು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದೂ ಅದೇ ವರ್ಷ. 1947ರ ಸೆಪ್ಟೆಂಬರ್ 27ರಂದು ಒಂದಾದ ದಕ್ಷಿಣ ಭಾರತ ಸಭೆ, ಶಿಷ್ಯರೆಲ್ಲ ಒಂದಾಗಿರಲಿ ಎಂಬ ಯೇಸುವಿನ ಬೇಡಿಕೆಯನ್ನೇ ಧ್ಯೇಯವಾಕ್ಯ ಮಾಡಿಕೊಂಡಿದೆ. ಯಾವ ಸಭೆಯವರಾದರೂ ಸರಿ, ನಿಮ್ಮ ಪಟ್ಟಿಯಲ್ಲಿ ತಹಶೀಲ್ದಾರರಿರಲಿ, ಬಿಸಿಲಲ್ಲಿ ಹಳಿ ನೋಡುವ ಗ್ಯಾಂಗ್‌ಮನ್ ಇರಲಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೌಕರರಿರಲಿ, ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ದನ ಕಾಯುವವರಿರಲಿ. ಮಳೆಯೂ ಇರಲಿ. ಅದಕ್ಕಾಗಿ ಎಲೀಯ ತನ್ನ ಆಳನ್ನು ಏಳು ಸಲ ಸಮುದ್ರದ ಕಡೆ ನೋಡಲು ಕಳಿಸಿದ. ಏಳನೇ ಸಲ ಅಂಗೈಯಗಲದ ಮೋಡ ಕಂಡಿತು. ತೆಂಗಿನ ಸುಳಿ ಒಣಗುವುದನ್ನು ಕಂಡ ಕಡೂರಿನವರಿಗೆ ಈ ಭಾಗ ವಿವರಿಸಬೇಕಿಲ್ಲ.

8. ಉತ್ತರ ಬರದ ಹೆಸರನ್ನು ಹೊಡೆದುಹಾಕಬೇಡಿ. ನೋಯಿಸಿದವರ ಹೆಸರನ್ನೂ ಬಿಡಬೇಡಿ. ಚುಚ್ಚಿ ಮಾತಾಡಿದ ಗೆಳೆಯರಿಗಾಗಿ ಯೋಬ ಪ್ರಾರ್ಥಿಸಿದಾಗಲೇ ಅವನ ದುರವಸ್ಥೆ ತಿರುಗಿದ್ದು. ನನ್ನ ನೋಟ್‌ಬುಕ್ಕಿನ ಅಜ್ಜಂಪುರದ ಭಾಗದಲ್ಲಿ ಕುಡಿತ ಬಿಡಲಾಗದ ಒಬ್ಬರ ಹೆಸರಿದೆ. ಎರಡು ಸಲ ಬಿಟ್ಟರು, ಎರಡು ಸಲವೂ ಮತ್ತೆ ಹಿಡಿದರು. ಕಳೆದ ತಿಂಗಳು ಪುಟಗಳು ಮುಗಿದು ಹೊಸ ಪುಸ್ತಕ ತಂದೆ. ಮೊದಲ ಸಾಲಿಗೆ ಅದೇ ಹೆಸರನ್ನು ಇಳಿಸಿಕೊಂಡೆ.