ಹಾಸು ಚೀನಾದ್ದು, ಹೊಕ್ಕು ನಮ್ಮದು

ಈ ಸಲ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಬ್ಯಾಗಲ್ಲಿ ಇರೋದನ್ನೆಲ್ಲ ತೆಗೆದು ಡೆಸ್ಕ್ ಮೇಲೆ ಇಡಿ. ಇಯರ್‌ಫೋನ್, ಪವರ್ ಬ್ಯಾಂಕ್, ಚಾರ್ಜರ್, ಪೆನ್‌ಡ್ರೈವ್, ಲ್ಯಾಬಿಗೆ ತಂದ ಜಂಪರ್ ವೈರು. ಇವುಗಳಲ್ಲಿ ಎಷ್ಟು ಹೊರದೇಶದಿಂದ ಬಂದಿವೆ? ಬಹಳ ಜನಕ್ಕೆ ಅರ್ಧಕ್ಕಿಂತ ಜಾಸ್ತಿ ಬರುತ್ತೆ. ಉಳಿದ ಅರ್ಧದ ಒಳಗೆ ಏನಿದೆ ಅಂತ ನಮಗೆ ಗೊತ್ತೇ ಇರಲ್ಲ.

ಪ್ರತಿ ವರ್ಷ ದೀಪಾವಳಿ ಹತ್ರ ಬಂದ್ರೆ "ಚೀನಾ ಮಾಲು ಕೊಳ್ಳಬೇಡಿ" ಅಂತ ಮೆಸೇಜು ಓಡಾಡುತ್ತೆ. 2020ರ ಜೂನ್‌ನಲ್ಲಿ ಸರ್ಕಾರ 59 ಆಪ್‌ಗಳನ್ನ ಬ್ಯಾನ್ ಮಾಡಿದಾಗ ಎಷ್ಟೋ ಜನ ಖುಷಿಯಿಂದ ಡಿಲೀಟ್ ಮಾಡಿದ್ರು. ಆದ್ರೆ ಡಿಲೀಟ್ ಮಾಡಿದ ಫೋನು ಎಲ್ಲಿಯದು? ಇದನ್ನ ತಮಾಷೆಗೆ ಕೇಳ್ತಿಲ್ಲ. ಅಗ್ಗದ ಆಮದು ಮಾಲು ಬಿಟ್ಟು ಬದುಕಬೇಕು ಅಂತ ನಿಜವಾಗಿ ಮನಸ್ಸು ಮಾಡಿದವರಿಗೂ ಅದು ಯಾಕೆ ಆಗ್ತಿಲ್ಲ? ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದೆ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ.

ಮೊದಲು ಸ್ವಲ್ಪ ಹಳೇ ಕಥೆ

ಸ್ವದೇಶಿ ಅನ್ನೋ ಮಾತು ನಮ್ಮ ಕಡೆಗೆ ಹೊಸದಲ್ಲ. 1927ರಲ್ಲಿ ಗಾಂಧೀಜಿ ಆರೋಗ್ಯ ಸರಿ ಇಲ್ಲದಾಗ ನಂದಿ ಬೆಟ್ಟದಲ್ಲಿ ಉಳ್ಕೊಂಡಿದ್ರು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು, ಹಲವರು ಸತ್ತರು. ಆ ಕಾಲದ ಕಾಂಗ್ರೆಸ್ ಧ್ವಜದ ನಡುವೆ ಇದ್ದದ್ದು ಚರಕ. ಅಂದ್ರೆ "ನಮ್ಮ ನೂಲು ನಾವೇ ತೆಗೀತೀವಿ" ಅನ್ನೋ ಮಾತು ಧ್ವಜದ ಮೇಲೇ ಇತ್ತು.

ಅವತ್ತು ತ್ಯಾಗ ದೊಡ್ಡದು, ಆದ್ರೆ ಪ್ರಶ್ನೆ ನೇರವಾಗಿತ್ತು. ಇದು ಖಾದಿಯಾ, ವಿದೇಶಿ ಮಿಲ್ಲಿನ ಬಟ್ಟೆಯಾ? ಕೈಯಲ್ಲಿ ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು. ಇವತ್ತು ಒಂದೇ ವಸ್ತುವಿನಲ್ಲಿ ಐದಾರು ದೇಶ ಇರುತ್ತೆ. ಮುಟ್ಟಿದ್ರೆ ಗೊತ್ತಾಗಲ್ಲ.

ಒಂದು ಸೀರೆಯನ್ನ ಬಿಚ್ಚಿ ನೋಡೋಣ

ಬಟ್ಟೆಯಲ್ಲಿ ಎರಡು ಥರದ ನೂಲು ಇರುತ್ತೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿರೋದು ಹಾಸು. ಲಾಳಿಯ ಜೊತೆ ಅಡ್ಡಡ್ಡ ಓಡೋದು ಹೊಕ್ಕು. "ಜೀವನದಲ್ಲಿ ಹಾಸುಹೊಕ್ಕಾಗಿದೆ" ಅಂತ ನಾವು ಹೇಳೋ ಮಾತು ಬಂದಿದ್ದು ಇಲ್ಲಿಂದಲೇ.

ಹಾಸಿನ ನೂಲಿನ ಮೇಲೆ ಸದಾ ಟೆನ್ಷನ್ ಇರುತ್ತೆ, ಉಜ್ಜಾಟ ಬೇರೆ. ಪವರ್‌ಲೂಮ್ ವೇಗವಾಗಿ ಓಡುವಾಗ ನೂಲಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ರೆ ಸಣ್ಣ ಇರೋ ಕಡೆ ತುಂಡಾಗುತ್ತೆ. ಪ್ರತಿ ಸಲ ತುಂಡಾದಾಗ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಮಗ್ಗ ನಿಂತಷ್ಟು ಹೊತ್ತು ನೇಕಾರರಿಗೆ ದುಡ್ಡಿಲ್ಲ.

ನೂಲಿನ ದಪ್ಪವನ್ನ ಡೀನಿಯರ್‌ನಲ್ಲಿ ಅಳೀತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡೀನಿಯರ್. ಒಂದು ಗೂಡಿನ ಎಳೆ ಎರಡರಿಂದ ಮೂರು ಡೀನಿಯರ್ ಅಷ್ಟೇ. ಅಂಥ ಏಳೆಂಟು ಗೂಡಿನ ಎಳೆಗಳನ್ನ ಸೇರಿಸಿ ಸುಮಾರು 21 ಡೀನಿಯರ್‌ನ ಒಂದು ನೂಲು ತೆಗೀತಾರೆ. ಲೆಕ್ಕ ಹಾಕಿ: ಒಂದು ಕೆಜಿ ಇಂಥ ನೂಲು ಅಂದ್ರೆ ನಾಲ್ಕು ಲಕ್ಷ ಮೀಟರಿಗೂ ಜಾಸ್ತಿ. ಅಷ್ಟುದ್ದಕ್ಕೂ ಒಂದೇ ದಪ್ಪ ಇಟ್ಕೊಳ್ಳೋದು ಪಕ್ಕಾ ಪ್ರೋಸೆಸ್ ಕಂಟ್ರೋಲ್ ಪ್ರಾಬ್ಲಂ.

ಶಿಡ್ಲಘಟ್ಟದಲ್ಲಿ ಚರಕದಲ್ಲಿ, ಕಾಟೇಜ್ ಬೇಸಿನ್‌ನಲ್ಲಿ ನೂಲು ತೆಗೆಯೋ ರೀಲರ್‌ಗಳಿದ್ದಾರೆ. ಅಲ್ಲಿ ಒಂದು ಎಳೆ ಮುಗಿದಾಗ ಇನ್ನೊಂದನ್ನ ಸೇರಿಸೋದು ಕೈ ಮತ್ತು ಕಣ್ಣಿನ ಕೆಲಸ. ಕುದಿಯೋ ನೀರಿನ ಹಬೆ, ಗೂಡಿನ ವಾಸನೆ, ಅದರ ನಡುವೆ ಇಡೀ ದಿನ ಕೂತು ಮಾಡೋ ಕೆಲಸ. ಚೀನಾದಲ್ಲಿ ಹೆಚ್ಚಿನ ನೂಲು ಬರೋದು ದ್ವಿತಳಿ ಅಂದ್ರೆ ಬಿಳಿ ಗೂಡಿನಿಂದ, ತೆಗೆಯೋದು ಆಟೋಮ್ಯಾಟಿಕ್ ರೀಲಿಂಗ್ ಮಷೀನು. ನಮ್ಮ ಕಡೆ ಬಹುಕಾಲದಿಂದ ಹೆಚ್ಚಾಗಿ ಬೆಳೆದಿದ್ದು ಹಳದಿ ಬಣ್ಣದ ಮಿಶ್ರತಳಿ ಗೂಡು. ಅದರ ಎಳೆ ಗಿಡ್ಡ, ಕಿಲೋ ನೂಲಿಗೆ ಗೂಡೂ ಜಾಸ್ತಿ ಬೇಕು. ಹಾಗಾಗಿ ಎಷ್ಟೋ ಪವರ್‌ಲೂಮ್‌ಗಳಲ್ಲಿ ಹಾಸಿಗೆ ಚೀನಾ ರೇಷ್ಮೆ, ಹೊಕ್ಕಿಗೆ ನಮ್ಮ ರೇಷ್ಮೆ ಅನ್ನೋ ಪದ್ಧತಿ ಬಂತು. ನೇಯ್ದವರು ನಮ್ಮವರು, ಡಿಸೈನು ನಮ್ಮದು. ಅದನ್ನ ಸ್ವದೇಶಿ ಸೀರೆ ಅನ್ನೋಣವಾ, ಬೇಡವಾ?

2011ರಲ್ಲಿ ಏನಾಯ್ತು

ರೇಷ್ಮೆ ಉತ್ಪಾದನೆಯಲ್ಲಿ ಜಗತ್ತಿಗೆ ಚೀನಾ ಮೊದಲು, ನಾವು ಎರಡನೆಯವರು. ಭಾರತದೊಳಗೆ ಕರ್ನಾಟಕವೇ ಮುಂದು. ಆದ್ರೂ ನಮ್ಮ ಮಗ್ಗಗಳಿಗೆ ಬೇಕಾದಷ್ಟು ರೇಷ್ಮೆ ನಮ್ಮಲ್ಲಿ ಬರ್ತಿರಲಿಲ್ಲ, ಅದಕ್ಕೇ ಆಮದು.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ಶೇಕಡಾ 30ರಿಂದ 5ಕ್ಕೆ ಇಳಿಸಿದ್ರು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಅನ್ನೋದು ಉದ್ದೇಶ. ನೇಕಾರರ ಕಡೆಯಿಂದ ನೋಡಿದ್ರೆ ಅದು ತಪ್ಪು ಅಂತ ಹೇಳೋಕಾಗಲ್ಲ. ಆದ್ರೆ ಇತ್ತ ಗೂಡಿನ ಬೆಲೆ ಬಿತ್ತು, ಕರ್ನಾಟಕದ ರೇಷ್ಮೆ ಬೆಳೆಗಾರರು ಬೀದಿಗೆ ಇಳಿದ್ರು. 2013ರ ಬಜೆಟ್‌ನಲ್ಲಿ ಸುಂಕವನ್ನ ಶೇಕಡಾ 15ಕ್ಕೆ ಏರಿಸಿದ್ರು. ಆಮೇಲೆ ಅದು 10ಕ್ಕೆ ಇಳಿದು, 2021ರ ಬಜೆಟ್‌ನಲ್ಲಿ ಮತ್ತೆ 15 ಆಯ್ತು.

ಗೂಡಿನ ಬೆಲೆ ಬಿದ್ರೆ ರೈತ ಸ್ವಲ್ಪ ದಿನ ಕಾಯಬಹುದಲ್ವಾ ಅಂತ ಕೇಳಬಹುದು. ಆಗಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿನಿಂದ ಒಂದೇ ಎಳೆಯ ನೂಲು ಬರಲ್ಲ. ಹಾಗಾಗಿ ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಅವತ್ತಿನ ರೇಟು ಎಷ್ಟೋ ಅಷ್ಟಕ್ಕೆ ಕೊಡಲೇಬೇಕು.

ಶಿಡ್ಲಘಟ್ಟದ ಹತ್ತಿರ ಹುಳು ಸಾಕೋ ನಮ್ಮ ಚಿಕ್ಕಪ್ಪನನ್ನ ಕೇಳಿದೆ, "ಚಿಕ್ಕಪ್ಪಾ, ನೀವು ಚೀನಾ ರೇಷ್ಮೆ ನೋಡಿದ್ದೀರಾ?" ಅಂತ. "ನೂಲು ಎಲ್ಲಿ ನೋಡಿದ್ದೀನಪ್ಪಾ? ರೇಟು ಬಿದ್ದಾಗ ಬಂದಿದೆ ಅಂತ ಗೊತ್ತಾಗುತ್ತೆ ಅಷ್ಟೇ" ಅಂದ್ರು.

ಇಲ್ಲಿ ಗಮನಿಸಬೇಕಾದ ವಿಷಯ ಏನಂದ್ರೆ, ಬೆಲೆ ಬಿದ್ದಿದ್ದು ಯಾರೋ ಅಂಗಡಿಯಲ್ಲಿ ಚೀನಾ ಸೀರೆ ಕೊಂಡಿದ್ದರಿಂದ ಅಲ್ಲ. ಸೀರೆ ಕೊಂಡವರಿಗೆ ಆಯ್ಕೆಯೇ ಇರಲಿಲ್ಲ. ಆಯ್ಕೆ ನಡೆದಿದ್ದು ಅದಕ್ಕಿಂತ ಮೂರು ಹೆಜ್ಜೆ ಹಿಂದೆ, ನೂಲಿನ ವ್ಯಾಪಾರದಲ್ಲಿ ಮತ್ತು ಬಜೆಟ್‌ನಲ್ಲಿ.

ಲೇಬಲ್ ಎಷ್ಟು ಹೇಳುತ್ತೆ?

ಸರಿ, ಕೊಳ್ಳುವಾಗ ಲೇಬಲ್ ನೋಡೋಣ ಅಂದ್ರೆ, ಪ್ರತಿ ಲೇಬಲ್ಲಿಗೂ ಒಂದು ಮಿತಿ ಇದೆ. ನಾಲ್ಕು ಮುಖ್ಯವಾದವು ಇಲ್ಲಿವೆ.

ಒಂದು, ಬಾರ್‌ಕೋಡ್. 890ರಿಂದ ಶುರುವಾದ್ರೆ ಭಾರತದ್ದು, 690ರಿಂದ 699 ಆದ್ರೆ ಚೀನಾದ್ದು ಅಂತ ಮೆಸೇಜು ಬರುತ್ತಲ್ಲ, ಅದು ತಪ್ಪು. ಆ ನಂಬರು ಹೇಳೋದು ಕಂಪನಿ ಯಾವ ದೇಶದ ಸಂಸ್ಥೆಯಲ್ಲಿ ಬಾರ್‌ಕೋಡ್ ನೋಂದಣಿ ಮಾಡಿಸಿದೆ ಅಂತ ಮಾತ್ರ. ಎಲ್ಲಿ ತಯಾರಾಯ್ತು ಅಂತ ಅದು ಹೇಳಲ್ಲ.

ಎರಡು, ಕಂಟ್ರಿ ಆಫ್ ಒರಿಜಿನ್. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಆಮದಾದ ಪ್ಯಾಕೆಟ್ ಮೇಲೆ ಆಮದು ಮಾಡಿದವರ ಹೆಸರು ವಿಳಾಸ ಇರಬೇಕು. 2020ರ ಇ-ಕಾಮರ್ಸ್ ನಿಯಮದಿಂದ ಆನ್‌ಲೈನ್‌ನಲ್ಲೂ ಮೂಲ ದೇಶ ತೋರಿಸಬೇಕು. ಇದು ನಂಬಬಹುದಾದ ಮಾಹಿತಿ, ಆದ್ರೆ ಪೂರ್ತಿ ವಸ್ತುವಿಗೆ ಮಾತ್ರ, ಒಳಗಿನ ಭಾಗಗಳಿಗೆ ಅಲ್ಲ. ಇನ್ನು ಚಿಂತಾಮಣಿಯಲ್ಲೋ ಗೌರಿಬಿದನೂರಲ್ಲೋ ಬಸ್ ಸ್ಟ್ಯಾಂಡ್ ಹತ್ರ ರಾಶಿ ಹಾಕಿ ಮಾರೋ ಟಾರ್ಚು, ಆಟದ ಸಾಮಾನಿನ ಮೇಲೆ ಎಷ್ಟೋ ಸಲ ಏನೂ ಬರೆದಿರಲ್ಲ.

ಮೂರು, "ಭಾರತದಲ್ಲಿ ಜೋಡಿಸಿದ್ದು". ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸ್ತಾರೆ. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿದೆ, ಅದು ಸಣ್ಣ ವಿಷಯ ಅಲ್ಲ. ಆದ್ರೆ ಅದರ ಮುಖ್ಯ ಚಿಪ್ಪು ತಯಾರಾಗೋದು ತೈವಾನಿನ ಕಂಪನಿಯಲ್ಲಿ.

ನಾಲ್ಕು, ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದಿಂದ 2004ರಲ್ಲಿ ಬಂದ ಗುರುತು ಇದು. ಇದಿದ್ರೆ ಅಸಲಿ ರೇಷ್ಮೆ, ಪಾಲಿಯೆಸ್ಟರ್ ಅಲ್ಲ ಅಂತ ಅರ್ಥ. ರೇಷ್ಮೆ ಯಾವ ದೇಶದ್ದು ಅಂತ ಇದು ಹೇಳಲ್ಲ. ಊರಿನ ರೇಷ್ಮೆಯೇ ಬೇಕು ಅಂದ್ರೆ ಮೈಸೂರು ಸಿಲ್ಕ್ ಥರದ್ದು ನೋಡಬೇಕು. ಕೆಎಸ್ಐಸಿ ಇಲ್ಲಿನ ಗೂಡು ಕೊಂಡು, ಟಿ. ನರಸೀಪುರದಲ್ಲಿ ನೂಲು ತೆಗೆದು, ಮೈಸೂರಿನಲ್ಲಿ ನೇಯುತ್ತೆ. ಆದ್ರೆ ಅದರ ಬೆಲೆ ಎಲ್ಲರ ಕೈಗೆ ಎಟುಕಲ್ಲ.

ನಮ್ಮ ಪ್ರಾಜೆಕ್ಟ್ ಕಿಟ್‌ನ ಕಥೆ

ಈಗ ನಮ್ಮ ವಿಷಯಕ್ಕೆ ಬರೋಣ. ಹುಳು ಮನೆಯಲ್ಲಿ ಉಷ್ಣಾಂಶ, ತೇವಾಂಶ ಸರಿಯಾಗಿರಬೇಕು. ಚಾಕಿ ಹುಳುವಿಗೆ ಸುಮಾರು 27 ಡಿಗ್ರಿ, ತೇವಾಂಶ ಶೇಕಡಾ 85ರ ಹತ್ತಿರ. ದೊಡ್ಡ ಹುಳುವಿಗೆ ಎರಡೂ ಕಡಿಮೆ ಸಾಕು. ಇದನ್ನ ಅಳೆದು ರೈತರ ಫೋನಿಗೆ ಕಳಿಸೋದು ಮಿನಿ ಪ್ರಾಜೆಕ್ಟಿಗೆ ಒಳ್ಳೆ ಟಾಪಿಕ್. ಬಿಳಿ ಗೂಡಿನ ಹುಳು ಮಿಶ್ರತಳಿಗಿಂತ ನಾಜೂಕು, ಹಾಗಾಗಿ ಒಳ್ಳೆ ಗೂಡು ಬೆಳೆದು ಚೀನಾ ನೂಲಿಗೆ ಪೈಪೋಟಿ ಕೊಡಬೇಕಾದ್ರೆ ಈ ಅಳತೆ ಬೇಕೇ ಬೇಕು.

ಕಿಟ್‌ನಲ್ಲಿ ಏನು ಹಾಕ್ತೀವಿ? ಇಎಸ್‌ಪಿ32 ಬೋರ್ಡು, ಅದರ ಚಿಪ್ಪು ಶಾಂಘೈನ ಎಸ್ಪ್ರೆಸಿಫ್ ಕಂಪನಿಯದು. ಡಿಎಚ್‌ಟಿ11 ಸೆನ್ಸರು, ಗುವಾಂಗ್‌ಝೌನ ಕಂಪನಿಯದು. ಅರ್ಡುಯಿನೋ ಹಾಕೋಣ ಅಂದ್ರೆ, ಅದು ಹುಟ್ಟಿದ್ದು ಇಟಲಿಯಲ್ಲಿ, ಆದ್ರೆ ನಾವು ಎಸ್‌.ಪಿ. ರೋಡಲ್ಲಿ ತರೋದು ಕ್ಲೋನು. ಒರಿಜಿನಲ್‌ಗೆ ಅದರ ಹಲವು ಪಟ್ಟು ದುಡ್ಡು. ಹಾಸ್ಟೆಲ್ ಫೀಸು ಕಟ್ಟಿ ಉಳಿದ ದುಡ್ಡಲ್ಲಿ ಪ್ರಾಜೆಕ್ಟ್ ಮಾಡೋರಿಗೆ "ಒರಿಜಿನಲ್ ತಗೊಳ್ಳಿ" ಅನ್ನೋದು ಸುಲಭದ ಮಾತಲ್ಲ. ಅಂದ್ರೆ ಚೀನಾ ರೇಷ್ಮೆಯ ಎದುರು ನಿಲ್ಲೋಕೆ ಬೇಕಾದ ಸಾಧನವನ್ನೇ ಚೀನಾದ ಭಾಗಗಳಿಂದ ಕಟ್ಟಬೇಕು. ರೀಲಿಂಗ್‌ನಲ್ಲೂ ಹಾಗೇ ಆಯ್ತು. ಹಾಸಿಗೆ ಬರೋ ಥರದ ನೂಲು ತೆಗೆಯೋಕೆ ಕರ್ನಾಟಕಕ್ಕೆ ಆಟೋಮ್ಯಾಟಿಕ್ ರೀಲಿಂಗ್ ಮಷೀನುಗಳನ್ನ ತರಿಸಿದ್ದೂ ಚೀನಾದಿಂದ.

ಇದನ್ನ ನೋಡಿ "ಹಾಗಾದ್ರೆ ಎಲ್ಲಾ ಒಂದೇ, ಬಿಟ್ಹಾಕಿ" ಅನ್ನೋದು ಸರಿಯಲ್ಲ. ಹೊರಗಿನಿಂದ ಬರೋದೆಲ್ಲ ಒಂದೇ ಕೆಲಸ ಮಾಡಲ್ಲ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾದಾಗ ಮಗ್ಗ ಬಂದಿದ್ದು ಸ್ವಿಟ್ಜರ್ಲೆಂಡಿನಿಂದ. ಬಿಳಿ ಗೂಡಿನ ತಳಿಗಳನ್ನ ಇಲ್ಲಿನ ಹವೆಗೆ ಒಗ್ಗಿಸೋಕೆ 1991ರಿಂದ ಜಪಾನಿನ ಜೈಕಾ ಸಂಸ್ಥೆ ನಮ್ಮ ವಿಜ್ಞಾನಿಗಳ ಜೊತೆ ಕೆಲಸ ಮಾಡ್ತು. ಆ ಮಗ್ಗ, ಆ ತಳಿ ಬಂದಿದ್ದರಿಂದ ಇಲ್ಲಿನ ರೈತ, ರೀಲರ್, ನೇಕಾರರಿಗೆ ಕೆಲಸ ಹೆಚ್ಚಾಯ್ತು. ಅಗ್ಗದ ನೂಲು ಬಂದಾಗ ಅದೇ ರೈತ ಮತ್ತು ರೀಲರ್‌ನ ಕೆಲಸ ಹೋಗುತ್ತೆ. ಎರಡನ್ನೂ "ಆಮದು" ಅಂತ ಒಂದೇ ಪಟ್ಟಿಯಲ್ಲಿ ಹಾಕಬಾರದು.

ಹಾಗಾಗಿ ಕೊಳ್ಳುವಾಗ "ಇದು ವಿದೇಶದ್ದಾ?" ಅನ್ನೋದಕ್ಕಿಂತ "ಇದನ್ನ ಕೊಂಡ್ರೆ ನಮ್ಮಲ್ಲಿ ಯಾರಾದ್ರೂ ಮಾಡ್ತಿರೋ ಕೆಲಸ ಹೋಗುತ್ತಾ, ಬೆಳೆಯುತ್ತಾ?" ಅನ್ನೋ ಪ್ರಶ್ನೆ ಹೆಚ್ಚು ಉಪಯೋಗ. ಇಎಸ್‌ಪಿ32 ಕೊಂಡ್ರೆ ಶಿಡ್ಲಘಟ್ಟದಲ್ಲಿ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಲ್ಲ. ಅಕ್ಕನ ಮದುವೆ ಸೀರೆಗೆ ಹಾಸು ಯಾವುದು ಅಂತ ಕೇಳದೇ ಇದ್ರೆ ಹೊಡೆತ ಬೀಳಬಹುದು. ಎಲ್ಲವನ್ನೂ ಬಿಡೋಕಾಗಲ್ಲ, ಎಲ್ಲಿ ಕೇಳಿದ್ರೆ ಫಲ ಇದೆಯೋ ಅಲ್ಲಿ ಕೇಳೋಣ.

ಮುಂದೆ ಎಂಜಿನಿಯರ್ ಆಗೋ ನಮಗೆ ಇನ್ನೊಂದು ಜವಾಬ್ದಾರಿ ಇದೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ. ಅವರು ದಿವಾನರಾಗಿದ್ದ ಕಾಲದಲ್ಲೇ ಮೈಸೂರು ಸರ್ಕಾರದ ಸೋಪ್ ಕಾರ್ಖಾನೆ ಶುರುವಾಯ್ತು. ಹೊರಗಿನ ಸೋಪ್ ಬೇಡ ಅಂತ ಹೇಳಿದ್ರೆ ಸಾಕಾಗಲ್ಲ, ಇಲ್ಲಿ ಒಳ್ಳೆ ಸೋಪ್ ಆಗಬೇಕು ಅನ್ನೋದು ಅದರ ಪಾಠ. ಇವತ್ತು ಸಿ-ಡ್ಯಾಕ್‌ನವರು ನಮ್ಮಲ್ಲೇ ಡಿಸೈನ್ ಮಾಡಿದ ವೇಗ ಪ್ರೊಸೆಸರ್ ಇರೋ ಏರೀಸ್ ಬೋರ್ಡ್ ಇದೆ, ಅರ್ಡುಯಿನೋ ಐಡಿಇಯಲ್ಲೇ ಪ್ರೋಗ್ರಾಂ ಮಾಡಬಹುದು. ಮುಂದಿನ ಪ್ರಾಜೆಕ್ಟಿಗೆ ಒಂದು ಟೀಮ್ ಆದ್ರೂ ಅದನ್ನ ಪ್ರಯತ್ನಿಸಿ, ಎಲ್ಲಿ ತೊಂದರೆ ಆಯ್ತು ಅಂತ ಬರೆದ್ರೆ ನಮಗೆಲ್ಲ ಉಪಯೋಗ.

ಮಾಡಿ ನೋಡಿ

1. ಒಂದು ಪ್ರಾಜೆಕ್ಟ್ ಕಿಟ್‌ನ ಪ್ರತಿ ಭಾಗಕ್ಕೂ ಡಿಸೈನ್ ಎಲ್ಲಿ, ತಯಾರಿ ಎಲ್ಲಿ, ಜೋಡಣೆ ಎಲ್ಲಿ ಅಂತ ಮೂರು ಕಾಲಂ ಬರೆಯಿರಿ. ಎಷ್ಟು ಖಾಲಿ ಉಳಿಯುತ್ತೆ ನೋಡಿ.

2. ಒಂದು ಕೆಜಿ ನೂಲಿಗೆ ಏಳು ಕೆಜಿ ಗೂಡು ಬೇಕು ಅಂತ ಇಟ್ಕೊಳ್ಳಿ. ನೂಲಿನ ಬೆಲೆ ಕಿಲೋಗೆ 700 ರೂಪಾಯಿ ಬಿದ್ರೆ, ರೀಲರ್ ತನ್ನ ಖರ್ಚು ಲಾಭ ಹಾಗೇ ಇಟ್ಕೊಂಡ್ರೆ ರೈತನಿಗೆ ಕಿಲೋ ಗೂಡಿಗೆ ಎಷ್ಟು ಕಡಿಮೆ ಆಗುತ್ತೆ? 60 ಕೆಜಿ ಗೂಡು ತಂದವರಿಗೆ ಎಷ್ಟು ನಷ್ಟ?

3. ಮನೆಯಲ್ಲಿ ಮುಂದಿನ ಸಲ ರೇಷ್ಮೆ ಸೀರೆ ತಗೊಳ್ಳೋಕೆ ಹೋದಾಗ ಜೊತೆಗೆ ಹೋಗಿ. ಸಿಲ್ಕ್ ಮಾರ್ಕ್ ಇದೆಯಾ ನೋಡಿ, ಆಮೇಲೆ "ಹಾಸು ಎಲ್ಲಿಯದು?" ಅಂತ ಒಂದು ಮಾತು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದೇ ಇರಬಹುದು. ಹತ್ತು ಜನ ಕೇಳಿದ್ರೆ ಅವರು ಸೀರೆ ತರೋ ಕಡೆ ವಿಚಾರಿಸ್ತಾರೆ.